ಕೂಲಿಯೂ ಕರುಣೆಯೂ



ಹಸಿದವನು ಬಾಗಿಲಿಗೆ ಬಂದರೆ ಅವನಿಗೆ ಅನ್ನ ಕೊಡಬೇಕೋ ಕೆಲಸ ಕೊಡಬೇಕೋ ಎಂಬ ಪ್ರಶ್ನೆಯು ಬಹು ಹಳೆಯದು. ಅನ್ನ ಕೊಡುವವನನ್ನು ದಯಾಳುವೆಂದೂ ಕೆಲಸ ಕೊಡುವವನನ್ನು ವಿವೇಕಿಯೆಂದೂ ಲೋಕವು ಕರೆಯುತ್ತದೆ. ಕೈ ಚಾಚಿದವನನ್ನು ಸೋಮಾರಿಯನ್ನಾಗಿ ಮಾಡಬಾರದು, ದುಡಿದು ಉಣ್ಣುವ ಗೌರವವನ್ನು ಅವನಿಗೆ ಉಳಿಸಿಕೊಡಬೇಕು ಎಂಬದಾಗಿ ನಮ್ಮ ಸಭೆಗಳಲ್ಲಿ ಹಿರಿಯರು ಹೇಳುವದನ್ನು ನಾವು ಅನೇಕ ಸಾರಿ ಕೇಳಿದ್ದೇವೆ, ನಾವೂ ಹೇಳಿದ್ದೇವೆ. ಈ ಮಾತು ಒಳ್ಳೇದೇ. ಆದರೆ ಹಸಿದವನಿಗೆ ಕೊಟ್ಟ ಕೆಲಸವೆಲ್ಲವೂ ಕರುಣೆಯಾಗುತ್ತದೋ? ಒಬ್ಬನ ಹಸಿವನ್ನು ನೋಡಿ ಅವನ ಕೂಲಿಯನ್ನು ಇಳಿಸುವವನೂ ಕೆಲಸ ಕೊಡುವವನೇ ಅಲ್ಲವೋ? ಇವರಿಬ್ಬರಿಗೂ ಇರುವ ಭೇದವನ್ನು ತಿಳುಕೊಳ್ಳುವದು ಹೇಗೆ? ಈ ತಿಂಗಳು ಇದನ್ನು ಕುರಿತು ನಾವು ಕೂಡಿ ಆಲೋಚಿಸುವ.

ಈ ಪ್ರಶ್ನೆಯು ನಮ್ಮ ಮನಸ್ಸಿಗೆ ನಾಟಿದ್ದು ಪುಸ್ತಕಗಳನ್ನು ಓದಿದ್ದರಿಂದಲ್ಲ. ಕೆಲವು ವರುಷಗಳ ಹಿಂದೆ ಒಂದು ಹಳ್ಳಿಯ ಸಭೆಯಲ್ಲಿ ಆಟಿಯ ಮಳೆಗೆ ಸಮಾಧಿಸ್ಥಳದ ಮುರಕಲ್ಲಿನ ಗೋಡೆಯು ಕುಸಿದು ಬಿತ್ತು. ಆ ಸಭೆಯ ಒಬ್ಬ ವಿಧವೆಯ ಮಗನಿಗೆ ಆ ಕಾಲದಲ್ಲಿ ಎಲ್ಲಿಯೂ ಕೆಲಸವಿರಲಿಲ್ಲ. ಹಿರಿಯರು ಕೂಡಿದರು, ಆ ಕೂಟದಲ್ಲಿ ನಾವೂ ಕುಳಿತಿದ್ದೆವು. ಅವನಿಗೆ ಸುಮ್ಮನೆ ಹಣ ಕೊಡುವದಕ್ಕಿಂತ ಮಳೆ ಇಳಿದ ಮೇಲೆ ಗೋಡೆಯನ್ನು ಅವನಿಂದಲೇ ಕಟ್ಟಿಸುವದು ಮೇಲೆಂದು ಎಲ್ಲರೂ ಒಪ್ಪಿದೆವು. ಆದರೆ ಹಣವು ಬಡವರ ನಿಧಿಯಿಂದ ಹೋಗುವದರಿಂದ ಊರ ಕೂಲಿಯ ಅರ್ಧ ಸಾಕೆಂದು ಗೊತ್ತು ಮಾಡಿದೆವು. ಅವನು ಹತ್ತು ದಿವಸ ಕಲ್ಲು ಹೊತ್ತು ಗೋಡೆಯನ್ನು ನೆಟ್ಟಗೆ ನಿಲ್ಲಿಸಿದನು. ಲೆಕ್ಕ ತೀರಿಸುವ ದಿನ ಅವನು ಹಣವನ್ನು ಎಣಿಸಿ ನೋಡಿ, “ಅಯ್ಯನವರೇ, ಇದು ಧರ್ಮವಾದರೆ ನನ್ನ ದಿವಸಗಳನ್ನು ಎಣಿಸಬೇಡಿರಿ, ಕೂಲಿಯಾದರೆ ಸರಿಯಾಗಿ ಎಣಿಸಿರಿ,” ಅಂದನು. ಕೂಟದಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಮುಂದಿನ ವಾರ ಉಳಿದ ಅರ್ಧವನ್ನು ಕೊಟ್ಟೆವು. ಆದರೂ ಆ ಮಾತು ಇಂದಿನ ವರೆಗೆ ನಮ್ಮನ್ನು ಬಿಟ್ಟಿಲ್ಲ. ಯಾಕಂದರೆ ನಾವು ಅರ್ಧ ಕೂಲಿಗೆ ಪೂರಾ ಗೋಡೆಯನ್ನು ಪಡೆದು, ಅದರ ಮೇಲೆ ದಯಾಳುಗಳೆಂಬ ಹೆಸರನ್ನೂ ಪಡೆಯಲಿಕ್ಕೆ ಯತ್ನಿಸಿದ್ದೆವು.

ಈಗ ಸತ್ಯವೇದದ ಒಂದು ವೃತ್ತಾಂತವನ್ನು ನೆನಸಿರಿ. ಸೊಲೊಮೋನನು ದೇವಾಲಯವನ್ನು ಕಟ್ಟಿಸುವಾಗ ಇಸ್ರಾಯೇಲ್ಯರಲ್ಲಿ ಮೂವತ್ತು ಸಾವಿರ ಜನರನ್ನು ಬಿಟ್ಟೀ ಹಿಡಿದು, ತಿಂಗಳಿಗೆ ಹತ್ತು ಸಾವಿರದಂತೆ ಲೆಬನೋನಿನ ಕಾಡಿಗೆ ಕಳುಹಿಸಿದನು. ಅವರು ಒಂದು ತಿಂಗಳು ಕಾಡಿನಲ್ಲಿಯೂ ಎರಡು ತಿಂಗಳು ಮನೆಯಲ್ಲಿಯೂ ಇರುತ್ತಿದ್ದರು. ಇವರಲ್ಲದೆ ಹೊರೆ ಹೊರುವವರು ಎಪ್ಪತ್ತು ಸಾವಿರ, ಬೆಟ್ಟದಲ್ಲಿ ಕಲ್ಲು ಕಡಿಯುವವರು ಎಂಭತ್ತು ಸಾವಿರ ಇದ್ದರು. ದೇವದಾರು ಮರಗಳಿಂದ ಕಟ್ಟಿದ ಆಲಯವು ಬಹು ಶೋಭಾಯಮಾನವಾಗಿತ್ತು. ಆದರೆ ಅರಸನು ಸತ್ತ ಮೇಲೆ ಜನರು ಅವನ ಮಗನ ಬಳಿಗೆ ಬಂದು ಆಲಯದ ಅಂದವನ್ನು ಹೊಗಳಲಿಲ್ಲ; ತಮ್ಮ ಮೇಲಿದ್ದ ನೊಗದ ಭಾರವನ್ನೇ ತಿಳಿಸಿದರು. ರೆಹಬ್ಬಾಮನು ಕಿವಿಗೊಡದೆ, ಬಿಟ್ಟೀ ಕೆಲಸದ ಮೇಲ್ವಿಚಾರಕನನ್ನು ಅವರ ಬಳಿಗೆ ಕಳುಹಿಸಲು ಅವರು ಅವನನ್ನು ಕಲ್ಲೆಸೆದು ಕೊಂದರು. ರಾಜ್ಯವು ಎರಡಾಗಿ ಒಡೆಯಿತು. ದೇವರ ಆಲಯವನ್ನು ಕಟ್ಟುವ ಕೆಲಸವು ಸಹ ಕೆಲಸಗಾರನ ಮೇಲಿನ ಅನ್ಯಾಯವನ್ನು ಪರಿಶುದ್ಧ ಮಾಡಲಾರದೆಂದು ಇದರಿಂದ ಕಲಿಯುತ್ತೇವೆ.

ನಮ್ಮ ಕನ್ನಡ ಸೀಮೆಯಲ್ಲಿಯೂ ಇಂಥ ಪರೀಕ್ಷೆ ನಡೆದಿದೆ. 1876ರಿಂದ 1878ರ ವರೆಗೆ ಮೈಸೂರು, ಬಳ್ಳಾರಿ, ಧಾರವಾಡ ಮೊದಲಾದ ಸೀಮೆಗಳನ್ನು ಮಹಾ ಕ್ಷಾಮವು ಹಾಳು ಮಾಡಿತು. ನಮ್ಮ ಕರಾವಳಿಗೆ ಅದು ಘಟ್ಟದ ಮೇಲಣಷ್ಟು ತಟ್ಟಲಿಲ್ಲ. 1871ರ ಜನಗಣನೆಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೆ ಮಿಕ್ಕಿ ಜನರಿದ್ದರು; 1881ರಲ್ಲಿ 42 ಲಕ್ಷಕ್ಕಿಂತಲೂ ಕಡಿಮೆ. ಸರಕಾರವು ಹಸಿದವರಿಗೆ ಕ್ಷಾಮ ಕಾಮಗಾರಿಗಳನ್ನು ತೆರೆಯಿತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಸುಮಾರು 86 ಮೈಲಿನ ರೈಲುದಾರಿಯ ಮಣ್ಣಿನ ಕೆಲಸವನ್ನು ಹೀಗೆ ಬರಪೀಡಿತರೇ ಆರಂಭಿಸಿದರು. 1882ರಲ್ಲಿ ಬಂಡಿಯು ಮೈಸೂರನ್ನು ಮುಟ್ಟಿತು. ಇಂದು ಆ ದಾರಿಯಲ್ಲಿ ಕಿಟಕಿಯ ಪಕ್ಕದಲ್ಲಿ ಕೂತು ಹೋಗುವವರಲ್ಲಿ ಎಷ್ಟು ಮಂದಿಗೆ ಆ ಏರಿಯನ್ನು ಹೊತ್ತವರ ನೆನಪಾಗುವದು?

ಆ ಕಾಲದಲ್ಲಿ ಕೂಲಿಯನ್ನು ಗೊತ್ತು ಮಾಡಿದ ರೀತಿಯನ್ನು ಕೇಳಿರಿ. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಹಿಂದೂಸ್ಥಾನ ಸರಕಾರದ ಪರವಾಗಿ ಮದ್ರಾಸು ಪ್ರಾಂತಕ್ಕೆ ಬಂದು, ಖರ್ಚು ಹೆಚ್ಚಾಯಿತೆಂದು ಹೇಳಿ, ದೊಡ್ಡ ಗಂಡಾಳಿಗೆ ದಿನಕ್ಕೆ ಒಂದು ರಾತ್ಲು ಧಾನ್ಯದ ಬೆಲೆಯೂ ಒಂದು ಆಣೆಯೂ ಸಾಕೆಂದು ಇಳಿಸಿದನು. ಅಗೆಯುವವನಿಗೆ, ಹೊರುವವನಿಗೆ ಇದು ಸಾಲದೆಂದೂ ಒಂದುವರೆ ರಾತ್ಲಾದರೂ ಬೇಕೆಂದೂ ಬೇಳೆ ತರಕಾರಿಗಳೂ ಬೇಕೆಂದೂ ಆ ಪ್ರಾಂತದ ಆರೋಗ್ಯಾಧಿಕಾರಿಯಾದ ಡಾಕ್ಟರ್ ಕಾರ್ನಿಶ್ ಎಂಬವನು ಬಲವಾಗಿ ವಾದಿಸಿದನು. ಬೊಂಬಾಯಿ ಪ್ರಾಂತದಲ್ಲಿ ಹಸಿದ ಕೂಲಿಗಳೇ ಈ ಕೂಲಿಗೆ ದುಡಿಯಲಾರೆವೆಂದು ಕೆಲಸ ಬಿಟ್ಟು ಹೊರಟರು. ಅದೇ ವರುಷದಲ್ಲಿ ಮದ್ರಾಸು ಸರಕಾರವು ಕೂಲಿಯನ್ನು ತಿರಿಗಿ ಏರಿಸಬೇಕಾಯಿತು. ಇಲ್ಲಿಯೂ ಕೆಲಸ ಕೊಟ್ಟರು, ಕೂಲಿ ಕೊಟ್ಟರು, ಲೆಕ್ಕ ಬರೆದರು. ಆದರೆ ಈ ಮನುಷ್ಯನು ದುಡಿದು ಬದುಕುವದಕ್ಕೆ ಎಷ್ಟು ಬೇಕೆಂದು ಕೇಳುವ ಬದಲಾಗಿ, ಎಷ್ಟು ಕೊಟ್ಟರೆ ಸಾಯದೆ ಇದ್ದಾನು ಎಂದು ಕೇಳಿದರು. ಮೊದಲನೆಯ ಪ್ರಶ್ನೆಯನ್ನು ನೆರೆಯವನು ಕೇಳುತ್ತಾನೆ. ಎರಡನೆಯದನ್ನು ಎತ್ತು ಸಾಕುವವನು ಸಹ ಕೇಳಲಾರನು.

ಇದಕ್ಕೆ ಪ್ರತಿಯಾಗಿ ದೂರದೇಶದ ಒಂದು ಸಂಗತಿಯನ್ನು ಹೇಳುತ್ತೇವೆ. 1929ರಲ್ಲಿ ಆರಂಭವಾದ ವ್ಯಾಪಾರದ ಕುಸಿತವು ಲೋಕವನ್ನೆಲ್ಲಾ ಹಿಡಿಯಿತು. ನಮ್ಮ ಮದ್ರಾಸು ಪ್ರಾಂತದಲ್ಲಿ ಭತ್ತದ ಬೆಲೆಯು ಸುಮಾರು ಅರ್ಧಕ್ಕೆ ಇಳಿಯಿತು; ತೀರ್ವೆಯೂ ಸಾಲವೂ ಮಾತ್ರ ಹಾಗೆ ಇಳಿಯಲಿಲ್ಲ. ಅಮೆರಿಕದಲ್ಲಿ 1933ರ ಹೊತ್ತಿಗೆ ದುಡಿಯುವವರಲ್ಲಿ ಸುಮಾರು ನಾಲ್ವರಿಗೆ ಒಬ್ಬನು ಕೆಲಸವಿಲ್ಲದೆ ಕೂತಿದ್ದನು. ಆ ವರುಷದ ಮಾರ್ಚಿಯಲ್ಲಿ ಅಧ್ಯಕ್ಷನಾದ ರೂಸ್‌ವೆಲ್ಟನು ಅದೇ ತಿಂಗಳಲ್ಲಿ ಒಂದು ಶಾಸನವನ್ನು ಹೊರಡಿಸಿ, ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ದಳವನ್ನು ಏರ್ಪಡಿಸಿದನು. ಕೆಲಸವಿಲ್ಲದ ಯುವಕರು ತಾವಾಗಿ ಹೆಸರು ಕೊಟ್ಟು ಸೇರಿದರು. ಅವರು ಕಾಡುಗಳಲ್ಲಿ ಬಿಡಾರ ಮಾಡಿ ಸಸಿ ನೆಟ್ಟರು, ಕೊಚ್ಚಿಹೋದ ಮಣ್ಣಿಗೆ ಒಡ್ಡು ಹಾಕಿದರು, ಬೆಂಕಿಗೆರೆ ಕಡಿದರು, ಕಾಡುಗಿಚ್ಚನ್ನು ನೋಡುವದಕ್ಕೆ ಎತ್ತರವಾದ ಗೋಪುರಗಳನ್ನು ನಿಲ್ಲಿಸಿದರು. ಅಲ್ಲಲ್ಲಿಯ ಕಲ್ಲು ಮರಗಳಿಂದಲೇ ಸೇತುವೆಗಳನ್ನೂ ದಾರಿಗರ ವಸತಿಗಳನ್ನೂ ಕಟ್ಟಿದರು; ಅವುಗಳಲ್ಲಿ ಅನೇಕವು ಇಂದಿಗೂ ನಿಂತಿವೆ. 1942ರಲ್ಲಿ ದಳವು ಮುಗಿಯುವಷ್ಟರಲ್ಲಿ ಸುಮಾರು 30 ಲಕ್ಷ ಯುವಕರು ಅದರಲ್ಲಿ ದುಡಿದಿದ್ದರು. ಅವರು ನೆಟ್ಟ ಸಸಿಗಳು ಸುಮಾರು 300 ಕೋಟಿ. ಊಟ ಬಟ್ಟೆಗಳಲ್ಲದೆ ತಿಂಗಳಿಗೆ 30 ಡಾಲರು ಸಂಬಳವಿತ್ತು. ಅದರಲ್ಲಿ ಸಾಧಾರಣವಾಗಿ 25 ಡಾಲರು ನೇರವಾಗಿ ತಂದೆತಾಯಿಗಳ ಮನೆಗೆ ಹೋಗುತ್ತಿತ್ತು. ಬಡಕಲಾಗಿ ಬಂದವರು ಮೈ ತುಂಬಿಕೊಂಡರು. ಓದು ಬಾರದೆ ಬಂದ ಸಾವಿರಾರು ಮಂದಿ ಸಂಜೆಯ ಪಾಠದಲ್ಲಿ ಅಕ್ಷರ ಕಲಿತರು.

ಆದರೆ ಒಳ್ಳೇ ಕೆಲಸವನ್ನು ಹೊಗಳುವಾಗ ಅದರ ಕುಂದನ್ನು ಮುಚ್ಚಬಾರದು. ದಿನಕ್ಕೆ ಒಂದೇ ಡಾಲರು ಕೊಟ್ಟರೆ ಹೊರಗೆ ದುಡಿಯುವವರ ಕೂಲಿಯೂ ಇಳಿದೀತೆಂದು ಕಾರ್ಮಿಕ ಸಂಘದವರು ಆಕ್ಷೇಪಿಸಿದ್ದರು. ಆ ಶಾಸನವು ವರ್ಣಭೇದ ಕೂಡದೆಂದು ಹೇಳಿದ್ದರೂ, 1935ರಿಂದ ಕಪ್ಪು ವರ್ಣದ ಯುವಕರನ್ನು ಬೇರೆ ಬಿಡಾರಗಳಲ್ಲಿ ಇಟ್ಟರು. ಒಂದೇ ಕಾಡಿನಲ್ಲಿ ಒಂದೇ ಗುದ್ದಲಿಯನ್ನು ಹಿಡಿದವರು ಒಂದೇ ಪಂಕ್ತಿಯಲ್ಲಿ ಉಣ್ಣಲಿಲ್ಲ. ಬೇರೆ ಬಾವಿ, ಬೇರೆ ಪಂಕ್ತಿ ಎಂಬದರ ನೋವು ಎಂಥಾದ್ದೆಂದು ನಮ್ಮ ಹಳ್ಳಿಯ ಸಭೆಗಳಿಗೆ ಯಾರೂ ಬರೆದು ತಿಳಿಸಬೇಕಾಗಿಲ್ಲ.

ಇನ್ನು ನಮ್ಮ ಮನೆಯ ಮಾತಿಗೆ ಬರುವ. 1834ರಲ್ಲಿ ಬಾಸೆಲ್ ಮಿಷನಿನ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬೋಧಕರು ಮಂಗಳೂರಿಗೆ ಬಂದಿಳಿದರು. ಅವರ ಬೋಧನೆಯನ್ನು ಕೇಳಿ ಕ್ರಿಸ್ತನನ್ನು ಒಪ್ಪಿಕೊಂಡವರಲ್ಲಿ ಅನೇಕರು ಅದೇ ದಿನ ಮನೆಯನ್ನೂ ಕುಲವನ್ನೂ ಮಾತ್ರವಲ್ಲ, ಜೀವನದ ದಾರಿಯನ್ನೂ ಕಳಕೊಂಡರು. ಗೇಣಿಯ ಗದ್ದೆ ಬಿಟ್ಟುಹೋದವರಿದ್ದರು. ಮೂರ್ತೆಯ ಕಸುಬನ್ನು ಮನಸ್ಸಾಕ್ಷಿಯ ನಿಮಿತ್ತ ಬಿಟ್ಟವರಿದ್ದರು. ಇವರಿಗೆ ಎಷ್ಟು ಕಾಲ ಅಕ್ಕಿ ಅಳೆದು ಕೊಡುವದು? ಆದಕಾರಣ ಮಿಷನಿನವರು ಕೈಗಾರಿಕೆಗಳನ್ನು ತೊಡಗಿದರು. ಅಚ್ಚುಕೂಟವಾಯಿತು, ನೇಯ್ಗೆಯಾಯಿತು, 1851ರಲ್ಲಿ ಬಂದ ಹಾಲರ್ ಎಂಬವರ ಕೈಯಲ್ಲಿ ಬಟ್ಟೆಯ ಬಣ್ಣದ ಕೆಲಸವು ಹೆಸರುಗೊಂಡಿತು. 1865ರಲ್ಲಿ ಪ್ಲೇಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮುಂದೆ ಕುದ್ರೋಳಿ, ಮಲ್ಪೆ ಮೊದಲಾದ ಸ್ಥಳಗಳಲ್ಲಿಯೂ ಕಾರ್ಖಾನೆಗಳು ಎದ್ದವು. ಮುಳಿಹುಲ್ಲಿನ ಮಾಡುಗಳು ಹೋಗಿ ಮಂಗಳೂರು ಹಂಚು ಬಂದಿತು. ಘಟ್ಟದ ಕಾಡುಗಳಲ್ಲಿಯ ಅರಣ್ಯ ಇಲಾಖೆಯ ಬಂಗಲೆಗಳಿಗೂ ರೈಲು ನಿಲ್ದಾಣಗಳಿಗೂ ಕಡಲಾಚೆಯ ಮನೆಗಳಿಗೂ ಈ ಹಂಚೇ ಮಾಡಾಯಿತು.

ಇದನ್ನು ನೋಡಿ, “ನಿಮ್ಮ ಹಿರಿಯರು ಅನ್ನಕ್ಕಾಗಿ ಮತ ಬಿಟ್ಟವರು” ಎಂದು ನಮ್ಮ ಮಕ್ಕಳಿಗೆ ಹೇಳುವವರು ಇದ್ದಾರೆ. ಈ ಮಾತಿಗೆ ಸಿಟ್ಟಾಗದೆ ಉತ್ತರ ಕೊಡಬೇಕು. ಕೆಲಸದ ಆಶೆಯಿಂದಲೇ ಬಂದವರು ಕೆಲವರು ಇದ್ದಿರಬಹುದು. ಮನುಷ್ಯರ ಹೃದಯವನ್ನು ಅರಿತವನು ದೇವರೊಬ್ಬನೇ. ಆದರೆ ಬಂದುದರಿಂದ ಅನ್ನವನ್ನು ಕಳಕೊಂಡವರು ಇದ್ದರೆಂಬದೂ ಅಷ್ಟೇ ಸತ್ಯ. ಕಾರ್ಖಾನೆಗಳಲ್ಲಿ ಕ್ರೈಸ್ತರು ಮಾತ್ರವೇ ದುಡಿಯಲಿಲ್ಲ. ಬೇರೆ ಮತದವರೂ ಅದೇ ಜೇಡಿಮಣ್ಣನ್ನು ತುಳಿದು ಅದೇ ಆವಿಗೆಗೆ ಬೆಂಕಿ ಹಾಕಿದರು. ಅನ್ನ ಬೇಡಿದವನು ನಾಚಬೇಕಾಗಿಲ್ಲ. ನಂಬಿಕೆಯ ನಿಮಿತ್ತ ನೆರೆಯವನ ಅನ್ನವನ್ನು ಕಸಕೊಳ್ಳುವವನೂ ಅನ್ನವನ್ನು ತೋರಿಸಿ ನಂಬಿಕೆಯನ್ನು ಕೊಳ್ಳುವವನೂ ನಾಚಬೇಕು.

ಆದರೂ ಆ ಏರ್ಪಾಡಿನಲ್ಲಿ ಒಂದು ಅಪಾಯವಿತ್ತೆಂದು ನಾವೇ ಒಪ್ಪಬೇಕು. ಬೋಧನೆಯೂ ಕೂಲಿಯೂ ಒಂದೇ ಕೈಯಿಂದ ಬರುವಲ್ಲಿ ಕೆಲಸಗಾರನ ನಾಲಿಗೆಯು ಕಟ್ಟಿಹೋಗುವದು ಸುಲಭ. ಕೆಲಸ ಕೊಟ್ಟ ಧಣಿಯೇ ಆರಾಧನೆಯಲ್ಲಿ ತನ್ನ ಹತ್ತಿರ ಕೂತಿರುವಾಗ, ಕೂಲಿ ಕಡಿಮೆಯಾಯಿತೆಂದು ಯಾರು ಹೇಳಿಯಾರು? 1914ರಲ್ಲಿ ಯುದ್ಧವು ಹುಟ್ಟಿತು. ಜರ್ಮನ್ ಬೋಧಕರನ್ನು ಸರಕಾರವು ಬಂಧನದಲ್ಲಿಟ್ಟಿತು. ಕಾರ್ಖಾನೆಗಳು ಮಿಷನಿನ ಕೈ ತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಒಂದೇ ಮರಕ್ಕೆ ಒರಗಿದವರಿಗೆ ಆ ಮರವು ಅಲ್ಲಾಡಿದಾಗ ಹೇಗಾಗುವದೋ ಹಾಗೆ ಅನೇಕ ಮನೆಗಳಿಗೆ ಆಯಿತು. ಆವಿಗೆಗಳು ಘಟ್ಟದ ಕಾಡುಗಳ ಕಟ್ಟಿಗೆಯನ್ನೂ ಹೊಳೆಬದಿಯ ಗದ್ದೆಗಳ ಮಣ್ಣನ್ನೂ ತಿಂದವೆಂಬದನ್ನೂ ಮರೆಯಬಾರದು. ಅಮೆರಿಕದ ಯುವಕರು ಹಸಿವಿನ ಕಾಲದಲ್ಲಿ ಕಾಡನ್ನು ನೆಟ್ಟರು. ನಮ್ಮ ಕೈಗಾರಿಕೆಯು ಹಸಿವನ್ನು ತೀರಿಸುವದಕ್ಕೆ ಕಾಡನ್ನು ಸುಟ್ಟಿತು. ಇಂದಿನ ಅನ್ನಕ್ಕಾಗಿ ನಾಳಿನವರ ಅನ್ನವನ್ನು ತೆಗೆಯದ ಕೆಲಸವೇ ಉತ್ತಮ ಕೆಲಸ.

ಹಳೆಯ ಹಂಚನ್ನು ತಿರುಗಿಸಿ ನೋಡಿದರೆ ಮಿಷನಿನ ಹೆಸರೂ 1865 ಎಂಬ ವರುಷವೂ ಅಚ್ಚೊತ್ತಿರುವದನ್ನು ಕಾಣುವಿರಿ. ಅದನ್ನು ಒತ್ತಿದವನ, ಒಣಗಿಸಿದವಳ ಹೆಸರು ಅದರಲ್ಲಿಲ್ಲ. ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಕಟ್ಟಿಸಿದಾಗ ಹಾಗೆ ಮಾಡಲಿಲ್ಲ. ಯಾರು ಯಾವ ಬಾಗಿಲನ್ನು ನಿಲ್ಲಿಸಿದರು, ಯಾರು ತನ್ನ ಮನೆಯ ಎದುರಿನ ಗೋಡೆಯನ್ನು ಸರಿಮಾಡಿದನು ಎಂದು ಒಂದು ಅಧ್ಯಾಯದ ತುಂಬ ಹೆಸರುಗಳಿವೆ. ತನ್ನ ಹೆಣ್ಣುಮಕ್ಕಳೊಂದಿಗೆ ದುಡಿದ ಶಲ್ಲೂಮನ ಹೆಸರೂ ಇದೆ. ಕೆಲಸಕ್ಕೆ ಕುತ್ತಿಗೆ ಬೊಗ್ಗಿಸದ ತೆಕೋವದ ಶ್ರೀಮಂತರ ಸುದ್ದಿಯೂ ಇದೆ. ಅಷ್ಟು ಮಾತ್ರವಲ್ಲ. ಗೋಡೆ ಏಳುತ್ತಿರುವಾಗಲೇ ಬಡವರು ಧಾನ್ಯಕ್ಕಾಗಿ ಹೊಲಗಳನ್ನು ಅಡವಿಟ್ಟು, ಮಕ್ಕಳನ್ನು ದಾಸತ್ವಕ್ಕೆ ಕೊಟ್ಟಿದ್ದೇವೆಂದು ಕೂಗಿಕೊಂಡಾಗ, ಅವನು ಗೋಡೆ ಮುಗಿಯಲಿ ಎಂದು ಹೇಳದೆ, ಶ್ರೀಮಂತರನ್ನು ಕೂಡಿಸಿ ಬಡ್ಡಿಯನ್ನು ಬಿಡಿಸಿ ಹೊಲಗಳನ್ನು ಹಿಂದಕ್ಕೆ ಕೊಡಿಸಿದನು.

ಕೆಲಸ ಮಾಡಲೊಲ್ಲದವನು ಉಣ್ಣಬಾರದೆಂದು ಅಪೊಸ್ತಲನಾದ ಪೌಲನು ಥೆಸಲೋನಿಕದವರಿಗೆ ಬರೆದದ್ದನ್ನು ಇಲ್ಲಿ ಕೆಲವರು ನೆನಪಿಗೆ ತಂದಾರು. ಆದರೆ ಅವನು ಗದರಿಸಿದ್ದು ಮನಸ್ಸಿಲ್ಲದವನನ್ನೇ ಹೊರತು ಕೆಲಸ ಸಿಕ್ಕದವನನ್ನಲ್ಲ. ಕೆಲಸ ಸಿಕ್ಕದವನನ್ನು ಕುರಿತು ನಮ್ಮ ಕರ್ತನೇ ಒಂದು ಸಾಮ್ಯವನ್ನು ಹೇಳಿದ್ದಾನೆ. ದ್ರಾಕ್ಷೇತೋಟದ ಯಜಮಾನನು ಹೊತ್ತು ಮುಳುಗುವದಕ್ಕೆ ಸ್ವಲ್ಪ ಮುಂಚೆ ಪೇಟೆಗೆ ಹೋಗಿ, ಸುಮ್ಮನೆ ನಿಂತವರನ್ನು ಸೋಮಾರಿಗಳೆನ್ನದೆ, ಯಾಕೆ ನಿಂತಿದ್ದೀರೆಂದು ಕೇಳಿದನು. ತಮ್ಮನ್ನು ಯಾರೂ ಕರೆಯಲಿಲ್ಲವೆಂದು ಅವರು ಹೇಳಿದರು. ಅವನು ಆ ಉತ್ತರವನ್ನು ನಂಬಿದನು, ಕೆಲಸ ಕೊಟ್ಟನು, ಒಂದು ತಾಸು ದುಡಿದವರಿಗೆ ಇಡೀ ದಿನದ ಕೂಲಿಯನ್ನು ಕೊಟ್ಟನು. ಯಾಕಂದರೆ ಅವರ ಮನೆಯವರಿಗೆ ಒಂದು ತಾಸಿನ ಹಸಿವಲ್ಲ, ಇಡೀ ದಿನದ ಹಸಿವಿತ್ತು. ಈ ಸಾಮ್ಯವು ದೇವರ ಕೃಪೆಯನ್ನು ಕುರಿತದ್ದೆಂದು ಬಲ್ಲೆವು. ಆದರೆ ಕರ್ತನು ಕೃಪೆಗೆ ಉದಾಹರಣೆಯನ್ನು ಹುಡುಕಿದಾಗ ಕೂಲಿ ಹಂಚುವ ಸ್ಥಳದಲ್ಲಿಯೇ ಕಂಡುಕೊಂಡನೆಂಬದನ್ನು ಗಮನಿಸಿರಿ.

ಇದರಿಂದ ಮೂರು ಸಂಗತಿಗಳನ್ನು ತಿಳುಕೊಳ್ಳಬಹುದು. ಒಂದನೇದು, ಹಸಿವನ್ನು ಕೂಲಿಯ ಅಳತೆಯಾಗಿ ಮಾಡಬಾರದು. ಅವಶ್ಯಕತೆ ಹೆಚ್ಚಿದವನಿಗೆ ಕಡಿಮೆ ಕೊಟ್ಟರೆ ನಡೆಯುತ್ತದೆಂಬದು ಸಂತೆಯ ನ್ಯಾಯ; ಸಭೆಯ ನ್ಯಾಯವಲ್ಲ. ಎರಡನೇದು, ಕೊಡುವ ಕೆಲಸವು ನಿಜವಾಗಿಯೂ ಬೇಕಾದದ್ದಾಗಿರಬೇಕು. ಕಲ್ಲನ್ನು ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ಹೊರಿಸುವದು ಬಡವನ ಪರೀಕ್ಷೆಯೇ ಹೊರತು ಸಹಾಯವಲ್ಲ; ತನ್ನ ಕೈಕೆಲಸವು ನಾಳೆ ಯಾರಿಗೋ ನೆರಳೂ ದಾರಿಯೂ ಆಗುವದೆಂದು ತಿಳಿದಾಗಲೇ ಮನುಷ್ಯನು ತಲೆ ಎತ್ತಿ ದುಡಿಯುವನು. ಮೂರನೇದು, ಕೆಲಸಗಾರನು ಕೇಳುವ ಹಕ್ಕನ್ನೂ ಬಿಟ್ಟುಹೋಗುವ ಹಕ್ಕನ್ನೂ ಕಳಕೊಳ್ಳಬಾರದು. 2005ರಲ್ಲಿ ನಮ್ಮ ದೇಶದ ಸಂಸತ್ತು ಗ್ರಾಮದ ಪ್ರತಿ ಕುಟುಂಬಕ್ಕೆ ವರುಷಕ್ಕೆ 100 ದಿವಸಗಳ ಕೆಲಸದ ಖಾತರಿಯನ್ನು ಶಾಸನದಲ್ಲಿ ಬರೆದಾಗ, ಕೇಳಿದ 15 ದಿವಸಗಳೊಳಗೆ ಕೆಲಸ ಸಿಕ್ಕದಿದ್ದರೆ ಭತ್ಯ ಕೊಡಬೇಕೆಂದೂ, ಲೆಕ್ಕವನ್ನು ಗ್ರಾಮಸಭೆಯ ಮುಂದೆ ಪರಿಶೋಧಿಸಬೇಕೆಂದೂ ಬರೆಯಿತು. ಬೇಡುವವನು ಹಕ್ಕುದಾರನಾದನೆಂಬದೇ ಇದರ ಅರ್ಥ. ಸರಕಾರದ ಶಾಸನವು ಇಷ್ಟನ್ನು ಒಪ್ಪಿಕೊಂಡಿರುವಾಗ ಕ್ರಿಸ್ತನ ಸಭೆಯು ಅದಕ್ಕಿಂತ ಹಿಂದೆ ನಿಲ್ಲಬಹುದೋ?

ಹಾಗಾದರೆ ಕೆಲಸ ಮಾಡಲಾರದವನ ಗತಿಯೇನು? ಮುದುಕಿಗೂ ರೋಗಿಗೂ ಗುದ್ದಲಿಯನ್ನು ತೋರಿಸಬಾರದು. ಅವರಿಗೆ ಕೊಡುವದು ಕೊಡುಗೆಯೇ ಆಗಿರಲಿ. ಅದರಲ್ಲಿ ಲೆಕ್ಕವೂ ಉಪದೇಶವೂ ಬೇಡ. ದುಡಿಯಬಲ್ಲವನಿಗೆ ಕೊಡುವದು ಕೂಲಿಯೇ ಆಗಿರಲಿ. ಅದರಲ್ಲಿ ದಯೆಯ ಸೋಗು ಬೇಡ. ಇವೆರಡನ್ನು ಕಲಸಿದರೆ ಎರಡೂ ಕೆಡುತ್ತವೆ. ನಮ್ಮ ಸಮಾಧಿಸ್ಥಳದ ಗೋಡೆಯಲ್ಲಿ ನಾವು ಮಾಡಿದ ತಪ್ಪು ಇದೇ.

ಪ್ರಿಯರೇ, ನಮ್ಮ ಹಳ್ಳಿಯ ಸಭೆಗಳು ಬಡವಾದವುಗಳೇ. ಆದರೂ ಪ್ರತಿಯೊಂದು ಸಭೆಗೆ ಒಂದು ಅಂಗಳವಿದೆ, ಒಂದು ಬಾವಿಯಿದೆ, ಒಡೆದ ಹಂಚು ಇದೆ, ಸಸಿ ನೆಡಬಹುದಾದ ಬೋಳು ಗುಡ್ಡೆಯ ತುಂಡು ಕೆಲವಕ್ಕೆ ಇದೆ. ಪೈರಿನ ಹಬ್ಬದ ಕಾಣಿಕೆಯಲ್ಲಿ ಸ್ವಲ್ಪವನ್ನು ತೆಗೆದಿಟ್ಟು, ಕೆಲಸವಿಲ್ಲದ ತಿಂಗಳಲ್ಲಿ ಕೆಲಸವಿಲ್ಲದವನನ್ನು ಕರೆದು, ಊರ ಕೂಲಿಗೆ ಒಂದು ಕಾಸೂ ಕಡಿಮೆಯಿಲ್ಲದೆ ಕೊಟ್ಟು ಇವುಗಳನ್ನು ಸರಿಮಾಡಿಸಿರಿ. ಕರೆಯುವಾಗ ಅವನು ನಮ್ಮ ಸಭೆಯವನೋ ಎಂದು ಮೊದಲು ಕೇಳಬೇಡಿರಿ. ಕೆಲಸ ಮುಗಿದ ಮೇಲೆ ದಾನ ಕೊಟ್ಟವರ ಹೆಸರನ್ನು ಸಭಾ ಪುಸ್ತಕದಲ್ಲಿ ಬರೆಯುವ ಹಾಗೆಯೇ ಕೆಲಸ ಮಾಡಿದವರ ಹೆಸರನ್ನೂ ಬರೆಯಿರಿ. ಆ ವಿಧವೆಯ ಮಗನು ಕಟ್ಟಿದ ಗೋಡೆಯು ಆಮೇಲೆ ಎಷ್ಟೋ ಮಳೆಗಳನ್ನು ಕಂಡಿದೆ. ಒಂದು ಕಲ್ಲೂ ಜಾರಲಿಲ್ಲ. ಅವನ ಹೆಸರನ್ನು ಆ ಸಭೆಯ ಪುಸ್ತಕದಲ್ಲಿ, ತಡವಾಗಿಯಾದರೂ, ಬರೆಯಿಸಿದ್ದೇವೆ.

ಬಡಗಿಯ ಮನೆಯಲ್ಲಿ ಬೆಳೆದು ಕೈದುಡಿತದ ಬೆಲೆಯನ್ನು ಬಲ್ಲ ನಮ್ಮ ಕರ್ತನು, ಕೊಡುವ ನಮಗೆ ನ್ಯಾಯವಾದ ಕೈಯನ್ನೂ ದುಡಿಯುವವರಿಗೆ ಬೊಗ್ಗದ ತಲೆಯನ್ನೂ ಅನುಗ್ರಹಿಸಲಿ.